ಸಲಹೆಗಾರರ ಎರಡನೆಯ ಭೇಟಿ

ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳಲ್ಲಿ ಮಳೆ ಅರ್ಧ ದಿನದ ಮಟ್ಟಿಗೆ ಹೊಳವಾಗಿದ್ದ ಒಂದು ಬೆಳಿಗ್ಗೆ, ಕೃಷಿ ಸಲಹೆಗಾರರೊಬ್ಬರು ನಾವು ಕರೆಯದೆಯೇ ನಮ್ಮ ತೋಟಕ್ಕೆ ಬಂದರು. ಮೂರು ವಾರಗಳ ಹಿಂದೆ ನಾವು ಕರೆದಾಗ ಅವರು ಒಮ್ಮೆ ಬಂದು ಹೋಗಿದ್ದರು. ಶಿರಸಿಯಿಂದ ನಮ್ಮೂರಿಗೆ ಬರುವ ದಾರಿಯ ಕೊನೆಯ ತುಂಡು ಮಳೆಗಾಲದಲ್ಲಿ ಬೈಕಿಗೂ ಕಷ್ಟದ್ದು. ಬೈಕನ್ನು ಹಳ್ಳದ ಆಚೆಗೇ ನಿಲ್ಲಿಸಿ, ಕೆಸರಿನಲ್ಲಿ ನಡೆದು ಬಂದಿದ್ದರು. ಆಯಿ ಕೊಟ್ಟ ಕಷಾಯವನ್ನು ಕುಡಿಯುತ್ತಾ, "ಹೋದ ಸಲ ನಾನು ಹೇಳಿದ್ದರಲ್ಲಿ ಏನೇನು ಮಾಡಿದಿರಿ, ಯಾವುದು ಕೆಲಸಕ್ಕೆ ಬರಲಿಲ್ಲ, ಅದನ್ನು ನೋಡಿ ಹೋಗೋಣ ಅಂತ ಬಂದೆ" ಎಂದರು. ತೋಟಕ್ಕೆ ಬಂದು ಸಲಹೆ ಕೊಟ್ಟವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಕೊಟ್ಟ ಸಲಹೆ ಏನಾಯಿತೆಂದು ನೋಡಲು ಮತ್ತೆ ಬಂದವರನ್ನು ಕಂಡದ್ದು ಅದೇ ಮೊದಲು. ಸುಸ್ಥಿರ ಕೃಷಿಯಲ್ಲಿ ಹೊಸ ಪದ್ಧತಿಗಳು ಬೇರೂರಲು ಸಲಹೆಯ ಪಾಲೇನು ಎಂಬ ಬಗ್ಗೆ ನನ್ನಲ್ಲಿರುವ ವಿಚಾರಗಳೆಲ್ಲ ಆ ಬೆಳಿಗ್ಗೆಯಿಂದಲೇ ಹುಟ್ಟಿಕೊಂಡವು.

ನಮ್ಮದು ಎರಡು ಎಕರೆಯ ಹಳೆಯ ಅಡಿಕೆ ತೋಟ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿರುವುದರಿಂದ ಬಿಸಿಲು ತಡವಾಗಿ ಇಳಿದು ಬೇಗನೆ ಹೊರಟುಹೋಗುತ್ತದೆ. ಆ ವರ್ಷ ಜೂನ್ ಮುಗಿಯುವ ಮೊದಲೇ ಕೊಳೆರೋಗ ಕಾಣಿಸಿಕೊಂಡಿತ್ತು. ಫೈಟೊಫ್ಥೊರಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗದ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಮೋಡ ಕವಿದ, ಎಡೆಬಿಡದೆ ಮಳೆ ಸುರಿಯುವ ದಿನಗಳಲ್ಲಿ ಅವು ಅಡಿಕೆಯ ಒಂದು ಕೊನೆಯಿಂದ (ಗೊನೆಯಿಂದ) ಇನ್ನೊಂದು ಕೊನೆಗೆ, ಮರದಿಂದ ಮರಕ್ಕೆ ಹರಡುತ್ತವೆ. ಎಳೆಗಾಯಿಯ ತೊಟ್ಟಿನ ಹತ್ತಿರ ನೀರಿನಲ್ಲಿ ನೆನೆದಂಥ ಕಡುಹಸಿರು ಮಚ್ಚೆ ಮೂಡುತ್ತದೆ, ಕಾಯಿ ಉದುರುತ್ತದೆ, ಉದುರಿದ ಕಾಯಿಯ ಮೇಲೆ ಬಿಳಿಯ ಬೂಷ್ಟು ಹಬ್ಬುತ್ತದೆ. ನಾವು ಮಳೆ ಹಿಡಿಯುವ ಮೊದಲೇ ಬೋರ್ಡೋ ಮದ್ದು ಹೊಡೆಸಿದ್ದೆವು. ಆದರೂ ರೋಗ ಬಂದಿತ್ತು. ಮೊದಲ ಭೇಟಿಯಲ್ಲಿ ಸಲಹೆಗಾರರು ಬಸಿಗಾಲುವೆಗಳನ್ನು ಬಿಡಿಸಿ ನೀರು ನಿಲ್ಲದಂತೆ ಮಾಡಲು, ಉದುರಿದ ಕಾಯಿಗಳನ್ನು ಹೆಕ್ಕಿ ತೋಟದಿಂದ ಹೊರಗೆ ಸಾಗಿಸಲು, ನಲವತ್ತು ನಲವತ್ತೈದು ದಿನಗಳ ಬಳಿಕ ಹೊಡೆಯಬೇಕಾದ ಎರಡನೆಯ ಮದ್ದನ್ನು ಹೊಳವು ಸಿಕ್ಕ ಕೂಡಲೇ ಹೊಡೆಯಲು ಹೇಳಿದ್ದರು. ಎಲ್ಲವೂ ಸರಿಯಾದ ಮಾತುಗಳೇ. ಎಲ್ಲವನ್ನೂ ಮಾಡಿದೆವು. ಕಾಯಿ ಉದುರುವುದು ಮಾತ್ರ ನಿಲ್ಲಲಿಲ್ಲ.

ಎರಡನೆಯ ಸಲ ಬಂದಾಗ ಅವರು ಮರಗಳ ಕಡೆಗೆ ನೋಡಲೇ ಇಲ್ಲ. "ಮದ್ದು ಹೇಗೆ ತಯಾರಿಸುತ್ತೀರಿ, ನನ್ನ ಎದುರಿಗೆ ಒಮ್ಮೆ ಮಾಡಿ ತೋರಿಸಿ" ಎಂದರು. ಬೋರ್ಡೋ ದ್ರಾವಣದ ಲೆಕ್ಕ ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು: 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಲೋಹದ ಪಾತ್ರೆಯನ್ನು ಬಳಸಬಾರದು. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಅಪ್ಪಯ್ಯ ಇದನ್ನೆಲ್ಲ ತಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದರು ಮತ್ತು ನಾವು ಅದನ್ನೇ ಪಾಲಿಸುತ್ತಿದ್ದೆವು. ದ್ರಾವಣ ಸಿದ್ಧವಾದ ಮೇಲೆ ಸಲಹೆಗಾರರು ಉಜ್ಜಿ ಹೊಳಪು ಮಾಡಿದ ಚಾಕುವೊಂದನ್ನು ಕೇಳಿ ಪಡೆದು, ಅದರ ಅಲಗನ್ನು ಸ್ವಲ್ಪ ಹೊತ್ತು ದ್ರಾವಣದಲ್ಲಿ ಅದ್ದಿ ಹಿಡಿದರು. ಮೇಲೆತ್ತಿದಾಗ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿತ್ತು. ಎಂದರೆ, ಸುಣ್ಣ ಸಾಲದೆ, ತುತ್ತದ ಒಂದು ಭಾಗ ಹಾಗೆಯೇ ಉಳಿದುಕೊಂಡಿತ್ತು. ಅಂಥ ದ್ರಾವಣ ಎಳೆಗಾಯಿಯನ್ನು ಸುಡುತ್ತದೆ. ಕಾಯಿಗೆ ಅಂಟಿ ನಿಲ್ಲದೆ ಮಳೆಗೆ ತೊಳೆದೂ ಹೋಗುತ್ತದೆ.

ಸುಣ್ಣದ ತೂಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಸುಣ್ಣದಲ್ಲಿ. ಹಿಂದಿನ ವರ್ಷ ಬಾಯಿ ಬಿಚ್ಚಿದ ಪುಡಿಸುಣ್ಣದ ಚೀಲ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಮಳೆಗಾಲವನ್ನು ಪೂರ್ತಿ ಕಳೆದು, ಗಾಳಿಯನ್ನೂ ತೇವವನ್ನೂ ಹೀರಿ, ತನ್ನ ಕ್ಷಾರವನ್ನು ಕಳೆದುಕೊಂಡಿತ್ತು. ಅಪ್ಪಯ್ಯನ ಕಾಲದಲ್ಲಿ ಘಟ್ಟದ ಕೆಳಗಿನಿಂದ ಬರುತ್ತಿದ್ದ ಚಿಪ್ಪಿನ ಸುಣ್ಣವನ್ನು ಮದ್ದು ಹೊಡೆಯುವ ದಿನ ಬೆಳಿಗ್ಗೆಯೇ ಬಿಸಿ ಹಬೆಯೇಳುವಂತೆ ಅರಳಿಸುತ್ತಿದ್ದರು. ಅದು ತಾಜಾ ಆಗಿರಬೇಕೆಂದು ಅವರು ಬರೆದಿಡಲಿಲ್ಲ, ಏಕೆಂದರೆ ತಾಜಾ ಅಲ್ಲದ ಸುಣ್ಣವನ್ನು ಮದ್ದಿಗೆ ಹಾಕಬಹುದೆಂಬ ಯೋಚನೆಯೇ ಅವರಿಗೆ ಬಂದಿರಲಾರದು. ಲೆಕ್ಕ ನಮ್ಮವರೆಗೆ ಬಂದಿತ್ತು, ಲೆಕ್ಕದ ಹಿಂದಿದ್ದ ರೂಢಿ ಬಂದಿರಲಿಲ್ಲ. ಇದು ಮೊದಲ ಭೇಟಿಯಲ್ಲಿ ಯಾರಿಗೂ ತಿಳಿಯುವಂಥದ್ದಲ್ಲ. ರೈತ ತಾನು ಸರಿಯಾಗಿಯೇ ಮಾಡುತ್ತಿದ್ದೇನೆಂದು ನಂಬಿರುವ ಸಂಗತಿಯನ್ನು ಸಲಹೆಗಾರರ ಎದುರು ಸಮಸ್ಯೆಯೆಂದು ಹೇಳಿಕೊಳ್ಳುವುದಿಲ್ಲ, ಸಲಹೆಗಾರರೂ ಕೇಳುವುದಿಲ್ಲ. ಸರಿಯಾದ ಸಲಹೆಯನ್ನು ಪಾಲಿಸಿಯೂ ಫಲ ಸಿಗದಿದ್ದಾಗ ಮಾತ್ರ ಅದು ಹೊರಗೆ ಬರುತ್ತದೆ, ಅದಕ್ಕಾಗಿ ಯಾರಾದರೂ ಮತ್ತೆ ಬರಬೇಕಾಗುತ್ತದೆ. ಅಲ್ಲದೆ, ದ್ರಾವಣ ಸರಿಯಾಗಿದ್ದರೆ ಎರಡು ಸಲದಲ್ಲಿ ಮುಗಿಯುವ ಕೆಲಸಕ್ಕೆ ನಾವು ಗಾಬರಿಯಿಂದ ಮೂರು, ನಾಲ್ಕು ಸಲ ಹೊಡೆಯುತ್ತೇವೆ. ಹಾಗೆ ಸುರಿದ ತಾಮ್ರವು ಕೊಳೆತು ಹೋಗುವ ವಸ್ತುವಲ್ಲ, ವರ್ಷದಿಂದ ವರ್ಷಕ್ಕೆ ತೋಟದ ಮೇಲ್ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ. ಮಣ್ಣನ್ನು ಉಳಿಸುವ ಬೇಸಾಯ ಎಂದು ನಾವು ಮಾತನಾಡುವಾಗ, ಒಂದು ಚೀಲ ಹಳೆಯ ಸುಣ್ಣವೂ ಅದರ ಲೆಕ್ಕದಲ್ಲಿ ಬರುತ್ತದೆ ಎಂಬುದನ್ನು ನಾನು ಅಂದು ಕಲಿತೆ.

ಕೊಳೆರೋಗದ ಮದ್ದಿನ ಚರಿತ್ರೆಯೇ ಈ ಬಗೆಯ ಸಲಹೆಯ ಚರಿತ್ರೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಧ್ಯಯನ ಮಾಡಿ, 1910ರಲ್ಲಿ ಅದರ ಬಗ್ಗೆ ವರದಿ ಪ್ರಕಟಿಸಿ, ಬೋರ್ಡೋ ದ್ರಾವಣದ ಬಳಕೆಗೆ ದಾರಿ ಮಾಡಿದರು. ಆ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ, 1880ರ ದಶಕದಲ್ಲಿ. ಮೊಣಕಾಲೆತ್ತರದ, ಎದೆಯೆತ್ತರದ ದ್ರಾಕ್ಷಿ ಬಳ್ಳಿಗೆಂದು ಬಂದ ಮದ್ದು, ಐವತ್ತು ಅರವತ್ತು ಅಡಿ ಎತ್ತರದ ಅಡಿಕೆ ಮರದ ಕೊನೆಗೆ, ಅದೂ ಧಾರಾಕಾರ ಮಳೆಯ ನಡುವೆ ಅಂಟಿ ನಿಲ್ಲಬೇಕಾಗಿತ್ತು. ಅದಕ್ಕಾಗಿ ರಾಳ ಬೆರೆಸುವುದು, ಮರದಿಂದ ಮರಕ್ಕೆ ದಾಟುವ ಕೊನೆಗೌಡರ ಕೈಗೆ ಪಂಪಿನ ಪೈಪು ಬರುವುದು, ಮಳೆಯ ಹೊಳವನ್ನು ಕಾದು ದಿನ ಗೊತ್ತುಮಾಡುವುದು, ಇವೆಲ್ಲ ತೋಟದಲ್ಲೇ ಆದ ಹೊಂದಾಣಿಕೆಗಳು. ಅದಕ್ಕೂ ಮೊದಲು ನಮ್ಮ ಹಿರಿಯರು ಕೊನೆಗಳಿಗೆ ಹಾಳೆಯ ಕೊಟ್ಟೆ (ಹೊದಿಕೆ) ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಇಂದಿಗೂ ಕೆಲವರು ಪ್ಲಾಸ್ಟಿಕ್ಕಿನ ಕೊಟ್ಟೆ ಕಟ್ಟುವುದುಂಟು. ಕೋಲ್ಮನ್ ಅವರ ಕಾಲದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು, ಮೈಸೂರಿನ ಆಡಳಿತಕ್ಕೆ ಸೇರಿರಲಿಲ್ಲ. ಆದರೆ ನೆಂಟಸ್ತಿಕೆಯೂ ಅಡಿಕೆಯ ವ್ಯವಹಾರವೂ ಆ ಗಡಿಯನ್ನು ಎಂದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತೋಟದ ತಿಳಿವಳಿಕೆಗೂ ಅದೇ ದಾರಿ ತೆರೆದಿತ್ತು.

ಇನ್ನೊಂದು ಅನುಭವವನ್ನೂ ಹೇಳಬೇಕು, ಏಕೆಂದರೆ ಮತ್ತೆ ಬಾರದ ಸಲಹೆಗಾರರಿಂದ ಆಗುವ ನಷ್ಟವೇನೆಂಬುದು ನನಗೆ ಅದರಿಂದಲೇ ಗೊತ್ತು. ಬಹಳ ಹಿಂದೆ ಒಂದು ಕಚೇರಿಯಿಂದ ಬಂದವರು ತೋಟದಲ್ಲಿ ಒಂದು ಸುತ್ತು ಹಾಕಿ, ಹಳೆಯ ಕಾಳುಮೆಣಸಿನ ಬಳ್ಳಿಗಳ ಜಾಗದಲ್ಲಿ ಪನ್ನಿಯೂರು-1 ತಳಿಯನ್ನು ಹಾಕುವಂತೆ ಹೇಳಿದರು. ಕೇರಳದ ಪನ್ನಿಯೂರಿನಲ್ಲಿ ಬೆಳೆಸಿದ ಆ ಸಂಕರ ತಳಿ ನಿಜಕ್ಕೂ ಒಳ್ಳೆಯದು. ಉದ್ದನೆಯ ಗೆರೆ (ಕಾಳಿನ ಗೊಂಚಲು), ದಪ್ಪನೆಯ ಕಾಳು, ಬಿಸಿಲು ಚೆನ್ನಾಗಿ ಬೀಳುವಲ್ಲಿ ಹೇರಳ ಇಳುವರಿ. ಆದರೆ ನೆರಳು ಹೆಚ್ಚಾದಲ್ಲಿ ಅದು ಸರಿಯಾಗಿ ಕಾಳು ಕಟ್ಟುವುದಿಲ್ಲ. ನಮ್ಮ ಕಣಿವೆಯ ತೋಟ ಎಂಥದೆಂದು ಆಗಲೇ ಹೇಳಿದ್ದೇನೆ. ಇನ್ನೂರು ಬಳ್ಳಿ ಹಾಕಿದೆವು. ಎಲೆ ಸೊಂಪಾಗಿ ಬಂದವು, ಗೆರೆಗಳು ಬೋಳುಬೋಳಾಗಿ ಬಂದವು. ನಾಲ್ಕೈದು ವರ್ಷಗಳ ನಂತರ ಪುನಃ ಮಲ್ಲಿಗೆಸರ ಎಂಬ ಹಳೆಯ ತಳಿಯ ಬಳ್ಳಿಯನ್ನೇ ಹುಡುಕಿ ತಂದು ಹಾಕಬೇಕಾಯಿತು, ಮತ್ತು ಆ ನಾಲ್ಕೈದು ವರ್ಷಗಳ ಕಾಳು ನಮ್ಮ ಮನೆಗೆ ಬರಲಿಲ್ಲ. ಹೇಳಿದವರು ಕೆಟ್ಟವರಾಗಿರಲಿಲ್ಲ, ಹೇಳಿದ ತಳಿಯೂ ಕೆಟ್ಟದ್ದಾಗಿರಲಿಲ್ಲ. ಆದರೆ ಅವರು ಮರುವರ್ಷ ಬಂದು ನೋಡಿದ್ದರೆ ಉಳಿದ ತೋಟಗಳಿಗೆ ಹೇಳುವಾಗಲಾದರೂ ಬಿಸಿಲನ್ನು ವಿಚಾರಿಸಿ ಹೇಳುತ್ತಿದ್ದರು. ನಮ್ಮ ತೋಟದ ಸೋಲಿನಿಂದ ಇನ್ನೊಂದು ತೋಟಕ್ಕೆ ಉಪಕಾರವೂ ಆಗಲಿಲ್ಲ ಎಂಬುದೇ ನನಗೆ ಇಂದಿಗೂ ಇರುವ ನೋವು.

ಮತ್ತೆ ಬರುವುದನ್ನೇ ನಿಯಮ ಮಾಡಿದ ವ್ಯವಸ್ಥೆಯೊಂದು ನಮ್ಮ ದೇಶದಲ್ಲಿ ಇತ್ತು. 1970ರ ದಶಕದ ನಡುವಿನಿಂದ, ವಿಶ್ವಬ್ಯಾಂಕಿನ ನೆರವಿನೊಂದಿಗೆ ಬಂದ 'ತರಬೇತಿ ಮತ್ತು ಭೇಟಿ' ಪದ್ಧತಿಯಲ್ಲಿ, ಗ್ರಾಮ ಮಟ್ಟದ ಕಾರ್ಯಕರ್ತರು ಹದಿನೈದು ದಿನಗಳಿಗೊಮ್ಮೆ ಗೊತ್ತಾದ ದಿನ ಗೊತ್ತಾದ ಊರಿಗೆ ಹೋಗಿ, ಆರಿಸಿದ ಕೆಲವು ರೈತರನ್ನು ಕಾಣಬೇಕಾಗಿತ್ತು. ಬರುವ ದಿನ ಮೊದಲೇ ತಿಳಿದಿರುತ್ತಿತ್ತು ಎಂಬುದು ಅದರ ದೊಡ್ಡ ಗುಣ. ಆದರೆ ಅವರು ತರುತ್ತಿದ್ದ ಮಾತು ಮೇಲಿನಿಂದ ಸಿದ್ಧವಾಗಿ ಬರುತ್ತಿತ್ತು. ಕಾಲುವೆ ನೀರಿನ, ಒಂದೇ ಬೆಳೆಯ ಬಯಲಿಗೆ ಹೊಂದುತ್ತಿದ್ದ ಅದು, ಅಡಿಕೆ, ಮೆಣಸು, ಏಲಕ್ಕಿ, ಬಾಳೆ ಒಂದೇ ನೆಲದಲ್ಲಿ ಬೆಳೆಯುವ ನಮ್ಮಂಥ ಕಡೆ ಹೊಂದುತ್ತಿರಲಿಲ್ಲ. ಹಣದ ನೆರವು ನಿಂತ ಮೇಲೆ ಪದ್ಧತಿಯೂ ನಿಂತಿತು. ಅದರಿಂದ ಉಳಿಸಿಕೊಳ್ಳಬೇಕಾದದ್ದು ಪಂಚಾಂಗದಂತೆ ತಪ್ಪದೆ ಬರುವ ಆ ಭೇಟಿ; ಬಿಡಬೇಕಾದದ್ದು ಸಿದ್ಧ ಸಂದೇಶ. ಎರಡನ್ನೂ ಒಟ್ಟಿಗೇ ಬಿಟ್ಟೆವು ಎಂದು ನನಗೆ ಅನಿಸುತ್ತದೆ. 1974ರಲ್ಲಿ ಪುದುಚೇರಿಯಲ್ಲಿ ಆರಂಭವಾಗಿ ಇಂದು ದೇಶದಲ್ಲಿ 700ಕ್ಕೂ ಹೆಚ್ಚಿರುವ ಕೃಷಿ ವಿಜ್ಞಾನ ಕೇಂದ್ರಗಳಿಗೆ ರೈತರ ಹೊಲದಲ್ಲಿಯೇ ಪರೀಕ್ಷೆ ನಡೆಸಿ ನೋಡುವ ಹೊಣೆಯಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ನಮ್ಮ ಶಿರಸಿಯಲ್ಲೂ ಅಂಥ ಕೇಂದ್ರವಿದೆ. ಆ ಹೊಣೆಯೊಳಗೆ ಎರಡನೆಯ ಭೇಟಿ ತಾನಾಗಿಯೇ ಅಡಗಿದೆ. ಆದರೆ ಒಂದು ಜಿಲ್ಲೆಯ ಸಾವಿರಾರು ತೋಟಗಳಿಗೆ ಬೆರಳೆಣಿಕೆಯ ವಿಜ್ಞಾನಿಗಳು ಎಷ್ಟೆಂದು ಸುತ್ತಲು ಸಾಧ್ಯ?

2003ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳು ನನ್ನ ಮನಸ್ಸಿನಲ್ಲಿ ಉಳಿದುಹೋಗಿವೆ. ಹೊಸ ಕೃಷಿ ತಂತ್ರಜ್ಞಾನದ ಮಾಹಿತಿ ಯಾವುದಾದರೂ ಒಂದು ಮೂಲದಿಂದ ಸಿಕ್ಕಿದ್ದು ದೇಶದ ಕೃಷಿ ಕುಟುಂಬಗಳಲ್ಲಿ ಶೇ. 40ರಷ್ಟಕ್ಕೆ ಮಾತ್ರ. ಮೂಲಗಳಲ್ಲಿ ಮೊದಲನೆಯದು ಇತರ ಪ್ರಗತಿಪರ ರೈತರು, ಶೇ. 16.7. ನಂತರ ಗೊಬ್ಬರ, ಬೀಜ, ಔಷಧಿ ಮಾರುವವರು, ಶೇ. 13.1. ರೇಡಿಯೊ ಶೇ. 13. ಸರ್ಕಾರದ ವಿಸ್ತರಣಾ ಕಾರ್ಯಕರ್ತರು, ಎಂದರೆ ರೈತರಿಗೆ ಸಲಹೆ ತಲುಪಿಸಬೇಕಾದವರು, ಶೇ. 5.7. ಅಂದಿನಿಂದ ಮೊಬೈಲು ಬಂದಿದೆ, 2004ರಲ್ಲಿ ಕಿಸಾನ್ ಕಾಲ್ ಸೆಂಟರ್ ಆರಂಭವಾಗಿದೆ, ಅಂಕಿಗಳು ಬದಲಾಗಿರಬೇಕು. ಆದರೆ ನಮ್ಮೂರಿನ ಮಟ್ಟಿಗೆ ಆ ಕ್ರಮ ಬಹಳ ಬದಲಾಗಿದೆಯೆಂದು ನನಗೆ ಅನಿಸುವುದಿಲ್ಲ. ಎಲೆಯಲ್ಲಿ ಮಚ್ಚೆ ಕಂಡರೆ ನಾವು ಮೊದಲು ಪಕ್ಕದ ತೋಟದವರನ್ನು ಕೇಳುತ್ತೇವೆ, ಆಮೇಲೆ ಎಲೆಯನ್ನು ಚೀಲದಲ್ಲಿ ಹಾಕಿಕೊಂಡು ಔಷಧಿ ಅಂಗಡಿಗೆ ಹೋಗುತ್ತೇವೆ. ಅಂಗಡಿಯವರನ್ನು ಬೈಯುವವರಿದ್ದಾರೆ, ನಾನು ಬೈಯಲಾರೆ. ಪೇಟೆಗೆ ಹೋದ ದಿನ, ಹೋದ ಹೊತ್ತಿಗೆ ಸಿಗುವವರು ಅವರೊಬ್ಬರೇ. ಹೈದರಾಬಾದಿನ 'ಮ್ಯಾನೇಜ್' (ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ) 2003ರಿಂದ ಅಂಗಡಿಯವರಿಗಾಗಿಯೇ ಒಂದು ವರ್ಷದ ಕೃಷಿ ವಿಸ್ತರಣಾ ಡಿಪ್ಲೊಮಾ ನಡೆಸುತ್ತಿರುವುದು ಇದನ್ನು ಒಪ್ಪಿಕೊಂಡೇ. ಆದರೆ ಮಾರಾಟ ಮಾಡುವವರಿಗೆ 'ಇದಕ್ಕೆ ಏನೂ ಹೊಡೆಯಬೇಡಿ' ಎಂಬ ಸಲಹೆ ಕೊಡುವುದು ಕಷ್ಟ. ಸುಸ್ಥಿರ ಕೃಷಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಆ ಸಲಹೆಯೇ.

ನಮ್ಮ ಕಷ್ಟಕ್ಕೆ ಇನ್ನೊಂದು ಕಾರಣವಿದೆ. ತೋಟ ಒಂದೇ, ಕಚೇರಿಗಳು ಹಲವು. ಅಡಿಕೆ ಮತ್ತು ಮೆಣಸು ತೋಟಗಾರಿಕೆ ಇಲಾಖೆಗೆ ಸೇರುತ್ತವೆ, ಗದ್ದೆಯ ಭತ್ತ ಕೃಷಿ ಇಲಾಖೆಗೆ, ತೋಟಕ್ಕೆ ಸೊಪ್ಪು ಮತ್ತು ದರಕು (ಒಣಗಿದ ಎಲೆ) ಕೊಡುವ ಬೆಟ್ಟ ಅರಣ್ಯ ಇಲಾಖೆಗೆ, ಗೊಬ್ಬರ ಕೊಡುವ ದನ ಪಶುಸಂಗೋಪನೆಗೆ. ಬ್ರಿಟಿಷರ ಕಾಲದಲ್ಲಿಯೇ ನಮ್ಮ ಜಿಲ್ಲೆಯ ತೋಟಿಗರಿಗೆ ಸೊಪ್ಪಿನ ಬೆಟ್ಟದ ಸವಲತ್ತು ಸಿಕ್ಕಿತು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ. ಇಷ್ಟು ಬೆಟ್ಟ ಏಕೆ ಬೇಕೆಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡಬೇಕೆಂಬ ಶಿಫಾರಸು ಎಲ್ಲರಿಗೂ ಗೊತ್ತು. ಅದರ ಜೊತೆಯಲ್ಲೇ ಇರುವ, 12 ಕಿಲೋ ಹಸಿರು ಸೊಪ್ಪು ಮತ್ತು 12 ಕಿಲೋ ಕಾಂಪೋಸ್ಟ್ ಎಂಬ ಸಾಲನ್ನು ನಾವು ಓದುವುದನ್ನೇ ಬಿಟ್ಟಿದ್ದೇವೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರಗಳು. ಹಾಗಾದರೆ ಸೊಪ್ಪೇ ವರ್ಷಕ್ಕೆ ಆರು ಟನ್ನು ಮೀರುತ್ತದೆ. ಇಂದು ಸೊಪ್ಪು ಸವರಲು ಜನರಿಲ್ಲ, ಹಲವು ಬೆಟ್ಟಗಳು ಬೋಳಾಗಿವೆ. ಬೆಟ್ಟದಲ್ಲಿ ಯಾವ ಮರ ಬೆಳೆಸಿದರೆ ತೋಟಕ್ಕೆ ಎಂಥ ಸೊಪ್ಪು ಸಿಗುತ್ತದೆ, ಉದುರಿದ ಸೋಗೆ ಹಾಳೆಗಳನ್ನು ತೋಟದಲ್ಲೇ ಕೊಳೆಯಿಸಿದರೆ ಎಷ್ಟು ಸೊಪ್ಪು ಉಳಿಯುತ್ತದೆ ಎಂದು ಬೆಟ್ಟವನ್ನೂ ತೋಟವನ್ನೂ ಒಟ್ಟಿಗೆ ನೋಡಿ ಹೇಳುವವರು ಬೇಕು. 2015ರಲ್ಲಿ ಆರಂಭವಾದ ಮಣ್ಣಿನ ಆರೋಗ್ಯ ಚೀಟಿ ಹನ್ನೆರಡು ಅಂಶಗಳನ್ನು ಅಳೆದು ಕೊಡುತ್ತದೆ, ಒಳ್ಳೆಯದೇ. ನಮ್ಮ ಚೀಟಿಯಲ್ಲಿ ಮಣ್ಣು ಹುಳಿಯೆಂದು ಬಂದಿತ್ತು; ಧಾರಾಕಾರ ಮಳೆಗೆ ಸುಣ್ಣದ ಅಂಶ ತೊಳೆದುಹೋಗುವ ನಾಡಿನಲ್ಲಿ ಅದು ಸಹಜ. ಚೀಟಿ ಎರಡು ವರ್ಷ ಕಪಾಟಿನಲ್ಲಿತ್ತು. ಅದನ್ನು ನನ್ನ ಪಕ್ಕದಲ್ಲಿ ಕುಳಿತು ಸಾಲುಸಾಲಾಗಿ ಓದಿ, ಯಾವ ತಿಂಗಳು ಎಷ್ಟು ಸುಣ್ಣ, ಸುಣ್ಣಕ್ಕೂ ಗೊಬ್ಬರಕ್ಕೂ ಎಷ್ಟು ದಿನದ ಅಂತರ ಎಂದು ಹೇಳಿದವರು, ಮೊದಲು ಹೇಳಿದ ಆ ಸಲಹೆಗಾರರೇ, ತಮ್ಮ ಮೂರನೆಯ ಭೇಟಿಯಲ್ಲಿ.

ಇತ್ತೀಚಿನ ಎಲೆಚುಕ್ಕಿ ರೋಗ ಇನ್ನೊಂದು ಪಾಠವನ್ನು ಕಲಿಸುತ್ತಿದೆ. ಕೊಲೆಟೋಟ್ರೈಕಮ್ ಮೊದಲಾದ ಶಿಲೀಂಧ್ರಗಳಿಂದ ಬರುವ ಈ ರೋಗದಲ್ಲಿ ಸೋಗೆಯ ಮೇಲೆ ಕಂದು ಚುಕ್ಕಿಗಳು ಮೂಡಿ, ಕೂಡಿಕೊಂಡು, ಸೋಗೆಯೇ ಒಣಗುತ್ತದೆ. ಗಾಳಿ ಮಳೆಗಳಲ್ಲಿ ಹರಡುವ ರೋಗಕ್ಕೆ ಬೇಲಿಯಿಲ್ಲ. ನಾನೊಬ್ಬ ಕೆಳಗಿನ ರೋಗದ ಸೋಗೆಗಳನ್ನು ತೆಗೆದು, ಮದ್ದು ಹೊಡೆದು, ಪಕ್ಕದ ತೋಟ ಹಾಗೆಯೇ ಉಳಿದರೆ ನನ್ನ ಖರ್ಚು ವ್ಯರ್ಥ. ಆದರೆ ನಮ್ಮ ಸಲಹಾ ವ್ಯವಸ್ಥೆ ಮಾತನಾಡುವುದು ಒಬ್ಬೊಬ್ಬ ರೈತನೊಂದಿಗೆ. ರೋಗ ಬರುವುದು ಇಡೀ ಕಣಿವೆಗೆ. ನಮ್ಮ ಕಣಿವೆಯ ಏಳು ತೋಟದವರು ಕೂತು ಮಾತನಾಡಿ, ಒಂದೇ ವಾರದಲ್ಲಿ ಎಲ್ಲರೂ ಮದ್ದು ಹೊಡೆಯುವುದೆಂದು ನಿರ್ಧರಿಸಲು ಎರಡು ವರ್ಷ ಬೇಕಾಯಿತು. ಮಳೆಯ ಹೊಳವು ಒಂದೇ ಸಲ ಬರುತ್ತದೆ, ಮರ ಹತ್ತುವವರು ಇಡೀ ಊರಿಗೆ ಇಬ್ಬರೇ. ಹಾಗಾಗಿ ಕಾರ್ಬನ್ ಫೈಬರ್ ದೋಟಿ ತಂದೆವು. ನೆಲದಲ್ಲಿ ನಿಂತೇ ಎತ್ತರದ ಕೊನೆಗೆ ಮದ್ದು ಹೊಡೆಯಬಹುದಾದ, ಹಗುರವಾದ ಈ ದೋಟಿ ಕಳೆದ ಕೆಲವು ವರ್ಷಗಳಲ್ಲಿ ಅಡಿಕೆ ನಾಡಿಗೆ ಬಂದ ಅತ್ಯಂತ ಉಪಯುಕ್ತ ಹೊಸತನವೆಂದು ನಾನು ತಿಳಿದಿದ್ದೇನೆ. ಆದರೆ ಕಾರ್ಬನ್ ವಿದ್ಯುತ್ತನ್ನು ಹರಿಯಗೊಡುತ್ತದೆ, ತೋಟದ ಮೇಲೆ ಹಾದುಹೋದ ತಂತಿಗೆ ದೋಟಿ ತಾಗಿದರೆ ಹಿಡಿದವರ ಜೀವ ಹೋಗುತ್ತದೆ ಎಂಬ ಮಾತನ್ನು ಮಾರಿದವರು ನಮಗೆ ಹೇಳಿರಲಿಲ್ಲ. ಹೇಳಿದ್ದು ಪಕ್ಕದ ಊರಿನ ರೈತರೊಬ್ಬರು. ಈಗ ನಮ್ಮ ಕಣಿವೆಯಲ್ಲಿ ತಂತಿಯ ಅಕ್ಕಪಕ್ಕದ ಸಾಲುಗಳ ಮರಗಳಿಗೆ ಕೆಂಪು ಪಟ್ಟಿ ಬಳಿದಿದ್ದೇವೆ. ಅಲ್ಲಿ ದೋಟಿ ಎತ್ತುವಂತಿಲ್ಲ.

ಘಟ್ಟದ ಕೆಳಗಿನ ಮಾತನ್ನು ಬಿಟ್ಟರೆ ಈ ಬರಹ ಅಪೂರ್ಣವಾಗುತ್ತದೆ. ಕಾಲೇಜಿನ ದಿನಗಳ ಗೆಳೆಯರೊಬ್ಬರ ಮನೆ ಕುಮಟಾದ ಹತ್ತಿರ, ಅಘನಾಶಿನಿ ಸಮುದ್ರ ಸೇರುವ ಕಡೆ ಇದೆ. ಅಲ್ಲಿಯ ಗಜನಿ ಭೂಮಿಗೆ ಉಬ್ಬರದಲ್ಲಿ ಉಪ್ಪುನೀರು ಬರುತ್ತದೆ. ಮುಂಗಾರಿನ ಮೊದಲ ಮಳೆಗಳು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಬಿತ್ತುವ ಕಗ್ಗ ಭತ್ತ ಉಪ್ಪನ್ನೂ ನೆರೆಯನ್ನೂ ತಾಳಿಕೊಂಡು ಎತ್ತರಕ್ಕೆ ಬೆಳೆಯುತ್ತದೆ; ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಿನಲ್ಲಿ ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ನೀರಿನಲ್ಲಿಯೇ ಬಿಡುತ್ತಾರೆ. ಅದು ಕೊಳೆತು ಮೀನು ಸಿಗಡಿಗಳಿಗೆ ಆಹಾರವಾಗುತ್ತದೆ. ಇಳುವರಿ ಕಡಿಮೆಯೆಂಬ ಒಂದೇ ಕಾರಣಕ್ಕೆ ಕಗ್ಗವನ್ನು ಹಿಂದುಳಿದ ಬೆಳೆಯೆಂದು ಕಂಡವರು ಬಹಳ. ಸಿಗಡಿ ಸಾಕಣೆಯಲ್ಲಿ ಕೈತುಂಬ ಹಣವೆಂದು ಕೇಳಿ ಗದ್ದೆಗಳನ್ನು ಕೆರೆ ಮಾಡಿದವರೂ ಬಹಳ. ಒಮ್ಮೆ ಸಿಗಡಿಗೆ ರೋಗ ಬಂದ ಮೇಲೆ ಆ ಕೆರೆಗಳು ಪಾಳುಬಿದ್ದವು, ಒಡ್ಡುಗಳ ದುರಸ್ತಿ ನಿಂತಿತು. ಇದೇ ಬಗೆಯ ಪೊಕ್ಕಾಳಿ ಭತ್ತವಿರುವ ಕೇರಳದಲ್ಲಿ ವೈಟಿಲ ಸಂಶೋಧನಾ ಕೇಂದ್ರದವರು ರೈತರ ತಳಿಗಳನ್ನೇ ಆಧಾರವಾಗಿಟ್ಟುಕೊಂಡು ಹೊಸ ತಳಿಗಳನ್ನು ಹೊರತಂದರು. ಅಂದರೆ ಅಲ್ಲಿ ಸಲಹೆಗಾರರು ಮೊದಲು ಕಲಿಯುವವರಾದರು. ಕುಮಟಾ ತಾಲೂಕಿನ ಮಾಣಿಕಟ್ಟಾದಲ್ಲಿ ರೈತರು ಒಟ್ಟಾಗಿ ಕಗ್ಗವನ್ನು ಉಳಿಸಿಕೊಂಡು ಬಂದಿದ್ದಾರೆ. ಸಮುದ್ರದ ಮಟ್ಟ ಏರುತ್ತಿರುವ, ಬಾವಿಗಳಿಗೆ ಉಪ್ಪು ನುಗ್ಗುತ್ತಿರುವ ಈ ಕಾಲದಲ್ಲಿ ಆ ಬೀಜ ಮತ್ತು ಅದನ್ನು ಬಿತ್ತುವ ಹದ ಬಲ್ಲವರು ನಮಗೆಲ್ಲ ಸಲಹೆ ಕೊಡಬಲ್ಲವರು. "ನಮ್ಮಲ್ಲಿಗೆ ಬಂದವರೆಲ್ಲ ಏನು ಬೆಳೆಯಬೇಕು ಅಂತ ಹೇಳಿ ಹೋದರು, ಇದನ್ನು ಹೇಗೆ ಬೆಳೆಯುತ್ತೀರಿ ಅಂತ ಕೇಳಿದವರು ಎಲ್ಲೋ ಒಬ್ಬಿಬ್ಬರು ಮಾರಾಯ" ಎಂದು ನನ್ನ ಗೆಳೆಯರು ಒಮ್ಮೆ ಹೇಳಿದ್ದು ನೆನಪಿದೆ.

ನಮ್ಮ ಕಣಿವೆಯ ಏಳು ಮನೆಗಳವರು ಈಗ ಒಂದು ಪುಸ್ತಕ ಇಟ್ಟಿದ್ದೇವೆ. ಯಾವ ದಿನ ಯಾವ ಮದ್ದು, ಸುಣ್ಣ ಯಾವಾಗ ತಂದದ್ದು, ಚಾಕುವಿನ ಪರೀಕ್ಷೆಯಲ್ಲಿ ಏನು ಕಂಡಿತು, ಹೊಡೆದ ಎಷ್ಟು ಹೊತ್ತಿಗೆ ಮಳೆ ಬಂತು, ಹದಿನೈದು ದಿನ ಬಿಟ್ಟು ಎಷ್ಟು ಕಾಯಿ ಉದುರಿತ್ತು, ಇಷ್ಟನ್ನು ಬರೆಯುತ್ತೇವೆ. ಸಲಹೆ ಕೊಟ್ಟವರ ಹೆಸರನ್ನೂ ಬರೆಯುತ್ತೇವೆ, ಅದು ಪಕ್ಕದ ಮನೆಯವರಾದರೂ ಸರಿ, ಅಂಗಡಿಯವರಾದರೂ ಸರಿ. ಫಲ ಏನಾಯಿತೆಂದು ಅವರಿಗೆ ತಿಳಿಸುವುದು ನಮ್ಮ ಕೆಲಸವೆಂದು ಒಪ್ಪಿಕೊಂಡಿದ್ದೇವೆ. ಸಲಹೆಗಾರರು ನಮ್ಮಲ್ಲಿಗೆ ಮತ್ತೆ ಬರಲಾಗದಿದ್ದರೆ ಪುಸ್ತಕದ ಆ ಪುಟವನ್ನು ಫೋನಿನಲ್ಲಿ ತೆಗೆದು ಕಳಿಸುತ್ತೇವೆ. ಹೋದ ವರ್ಷ ಮೂವರು ಮರುತ್ತರ ಕೊಟ್ಟರು, ಒಬ್ಬರು ತಾವೇ ಬಂದರು. ಈ ವಾರ ಶಿರಸಿಯಿಂದ ಏಳು ಮನೆಗಳಿಗೂ ಸೇರಿಸಿ ಹೊಸ ಸುಣ್ಣ ತರಿಸಿದ್ದೇವೆ. ಹಳೆಯ ಚೀಲಗಳಲ್ಲಿ ಉಳಿದದ್ದನ್ನು ಆಯಿ ಕೊಟ್ಟಿಗೆಯ ಗೋಡೆಗೆ ಬಳಿಸಲು ತೆಗೆದಿಟ್ಟಿದ್ದಾರೆ.